ಸುಂಟರಗಾಳಿಯ ಬೆನ್ನು ಹತ್ತಿದವರು

ಬಿರುಗಾಳಿ ಎದ್ದಾಗ ಹಕ್ಕಿಗಳು ಗೂಡಿಗೆ ಮರಳುತ್ತವೆ. ದನಕರುಗಳು ಕೊಟ್ಟಿಗೆಯ ಕಡೆಗೆ ಓಡುತ್ತವೆ. ಮನುಷ್ಯನು ಮನೆಯ ಕದವಿಕ್ಕಿಕೊಳ್ಳುತ್ತಾನೆ. ಪ್ರಾಣಭಯವು ಸಕಲ ಜೀವಿಗಳಿಗೂ ಸಹಜವಾದುದು. ಆದರೆ ಅಮೆರಿಕದ ಮಧ್ಯಭಾಗದ ವಿಶಾಲ ಬಯಲುಗಳಲ್ಲಿ ವಸಂತಕಾಲ ಬಂದಿತೆಂದರೆ, ಕೆಲವರು ಸುಂಟರಗಾಳಿ ಏಳುವ ದಿಕ್ಕಿಗೇ ತಮ್ಮ ವಾಹನಗಳನ್ನು ತಿರುಗಿಸುತ್ತಾರೆ. ಇವರ ವಿಷಯವನ್ನು ಓದಿದಾಗಲೆಲ್ಲ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇದು ಸಾಹಸವೋ, ಹುಚ್ಚೋ?

ಅಲ್ಲಿಯ ಸುಂಟರಗಾಳಿಯು ನಮ್ಮ ಬಯಲುಗಳಲ್ಲಿ ತರಗೆಲೆಗಳನ್ನು ಎತ್ತಿ ಆಡಿಸುವ ಸುಳಿಗಾಳಿಯಂತಲ್ಲ. ಮೆಕ್ಸಿಕೊ ಕೊಲ್ಲಿಯಿಂದ ಬರುವ ತೇವದ ಬೆಚ್ಚನೆಯ ಗಾಳಿಯೂ ಪಶ್ಚಿಮದ ಒಣಗಾಳಿಯೂ ಅಲ್ಲಿ ಸಂಧಿಸುತ್ತವೆ. ಮೋಡವು ಮುಗಿಲೆತ್ತರಕ್ಕೆ ಬೆಳೆದು ತನ್ನೊಳಗೇ ಬುಗುರಿಯಂತೆ ತಿರುಗತೊಡಗುತ್ತದೆ. ಕೆಲವೊಮ್ಮೆ ಆ ಸುಳಿಯು ಆನೆಯ ಸೊಂಡಿಲಿನಂತೆ ನೆಲಕ್ಕಿಳಿಯುತ್ತದೆ. ಅತಿ ಪ್ರಬಲವಾದ ಸುಳಿಯಲ್ಲಿ ಗಾಳಿಯ ವೇಗ ಗಂಟೆಗೆ 400 ಕಿಲೋಮೀಟರುಗಳನ್ನು ಮೀರುವುದುಂಟು. ಆಗ ಗಟ್ಟಿಯಾದ ಮನೆಗಳೂ ಅಡಿಪಾಯದಿಂದ ಕಿತ್ತುಹೋಗುತ್ತವೆ.

ಇದನ್ನು ದೂರದಲ್ಲಿದ್ದುಕೊಂಡೇ ಅರಿಯಬಾರದೆ ಎಂದು ನೀವು ಕೇಳಬಹುದು. ರೇಡಾರ್ ಮೋಡದ ಒಡಲನ್ನು ನೋಡಬಲ್ಲದು, ನಿಜ. ಆದರೆ ಭೂಮಿ ದುಂಡಗಿರುವುದರಿಂದ, ಅದರ ಕಿರಣವು ದೂರ ಹೋದಷ್ಟೂ ನೆಲದಿಂದ ಮೇಲಕ್ಕೇರುತ್ತದೆ. ಮನೆಮಾರುಗಳಿರುವ ಎತ್ತರದಲ್ಲಿ ಏನು ನಡೆಯುತ್ತಿದೆ ಎಂಬುದು ಅದಕ್ಕೆ ಕಾಣದು. 1973ರ ಮೇ 24ರಂದು ಒಕ್ಲಹೋಮ ರಾಜ್ಯದ ಯೂನಿಯನ್ ಸಿಟಿಯ ಬಳಿ ಎದ್ದ ಸುಂಟರಗಾಳಿಯನ್ನು ಸಂಶೋಧಕರು ಹಿಂಬಾಲಿಸಿ ಚಿತ್ರೀಕರಿಸಿದರು. ಅದೇ ವೇಳೆಯಲ್ಲಿ ಡಾಪ್ಲರ್ ರೇಡಾರ್ ದಾಖಲಿಸಿದ್ದ ಗುರುತುಗಳನ್ನು ಆ ಚಿತ್ರಗಳೊಡನೆ ಹೋಲಿಸಿದಾಗ, ಸುಳಿಯು ನೆಲಕ್ಕಿಳಿಯುವ ಮೊದಲೇ ಮೋಡದಲ್ಲಿ ಅದರ ಲಕ್ಷಣ ತೋರುವುದೆಂದು ತಿಳಿದುಬಂದಿತು. ಇಂದು ಅಲ್ಲಿಯ ಜನರಿಗೆ ನೆಲಮಾಳಿಗೆಯನ್ನು ಸೇರಲು ಕೆಲವು ನಿಮಿಷಗಳು ದೊರೆಯುತ್ತಿದ್ದರೆ, ಅದರಲ್ಲಿ ಇಂಥವರ ಶ್ರಮದ ಪಾಲೂ ಉಂಟು.

ಕೊಲರಾಡೊದ ಎಂಜಿನಿಯರ್ ಟಿಮ್ ಸಮಾರಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಮೆಯಂತೆ ನೆಲಕ್ಕಂಟಿ ಕೂರುವ ಮಾಪಕವೊಂದನ್ನು ಅವರು ರೂಪಿಸಿದರು. ಸುಳಿ ಬರುವ ದಾರಿಯಲ್ಲಿ ಅದನ್ನಿಟ್ಟು, ಬೇಗನೆ ದೂರ ಸರಿಯುತ್ತಿದ್ದರು. 2003ರ ಜೂನ್ 24ರಂದು ದಕ್ಷಿಣ ಡಕೋಟದ ಮ್ಯಾಂಚೆಸ್ಟರ್ ಎಂಬ ಪುಟ್ಟ ಊರಿನ ಬಳಿ ಸುಂಟರಗಾಳಿಯು ಆ ಮಾಪಕದ ಮೇಲೆಯೇ ಹಾದುಹೋಯಿತು. ವಾಯುಭಾರವು ಒಮ್ಮೆಗೇ 100 ಮಿಲಿಬಾರಿನಷ್ಟು ಕುಸಿದುದು ಅದರಲ್ಲಿ ದಾಖಲಾಯಿತು.

ಎಚ್ಚರಿಕೆಯ ಮನುಷ್ಯರೆಂದೇ ಸಮಾರಾಸರಿಗೆ ಹೆಸರಿತ್ತು. ಆದರೂ 2013ರ ಮೇ 31ರಂದು, ಒಕ್ಲಹೋಮದ ಎಲ್ ರೆನೊ ಎಂಬಲ್ಲಿ ಎದ್ದ ಸುಂಟರಗಾಳಿಯು ಎಲ್ಲ ಲೆಕ್ಕಾಚಾರವನ್ನೂ ತಲೆಕೆಳಗು ಮಾಡಿತು. ಅದು 4 ಕಿಲೋಮೀಟರಿಗೂ ಹೆಚ್ಚು ಅಗಲಕ್ಕೆ ಹಿಗ್ಗಿ, ಹಠಾತ್ತನೆ ದಿಕ್ಕು ಬದಲಿಸಿ ಧಾವಿಸಿತು. ಸಮಾರಾಸ್, ಅವರ ಮಗ ಪಾಲ್, ಸಹೋದ್ಯೋಗಿ ಕಾರ್ಲ್ ಯಂಗ್ ಮೂವರೂ ಅದಕ್ಕೆ ಸಿಕ್ಕಿ ಮಡಿದರು.

ಇಂಥವರನ್ನು ಎಳೆದೊಯ್ಯುವ ಶಕ್ತಿ ಯಾವುದು? ಬಾಲ್ಯದಲ್ಲಿ ಸುಳಿಗಾಳಿಯ ನಡುವೆ ನಿಲ್ಲಬೇಕೆಂದು ಕಣ್ಣು ಮುಚ್ಚಿಕೊಂಡು ಓಡಿದ ನಮಗೆ ಅದು ತೀರ ಅಪರಿಚಿತವಲ್ಲ. ಬೆರಗು ಅದರ ಮೊದಲ ಹೆಸರು. ಬೆರಗಿನಿಂದ ಜಿಜ್ಞಾಸೆ ಹುಟ್ಟುತ್ತದೆ. ಮೆಚ್ಚುಗೆಯ ಆಸೆಯೂ ಕೆಲವರಲ್ಲಿ ಸೇರಿಕೊಳ್ಳುತ್ತದೆ. ಇನ್ನೊಬ್ಬರಿಗಿಂತ ಹತ್ತಿರದ ಚಿತ್ರ ತೆಗೆಯಬೇಕೆಂಬ ಹಟ ಅಲ್ಲಿಂದಲೇ ಮೊದಲಾಗುತ್ತದೆ. ಒಂದೇ ಎದೆಯಲ್ಲಿ ಈ ಮೂರೂ ಇರಬಹುದು. ಬಂದವನು ಯಾವುದಕ್ಕಾಗಿ ಬಂದನೆಂದು ಗಾಳಿ ವಿಚಾರಿಸುವುದಿಲ್ಲ. ಸದುದ್ದೇಶವು ಯಾರಿಗೂ ಕವಚವಾಗಲಾರದು.

ಹಾಗಾದರೆ ಸಾಹಸವನ್ನು ಹುಚ್ಚಿನಿಂದ ಬೇರ್ಪಡಿಸುವುದು ಹೇಗೆ? ಮೃತ್ಯುವಿಗೆ ಎಷ್ಟು ಸಮೀಪ ಹೋದರೆಂಬುದು ಅದರ ಅಳತೆಯಲ್ಲವೆಂದು ನನಗೆ ತೋರುತ್ತದೆ. ಮ್ಯಾಂಚೆಸ್ಟರಿನಲ್ಲಿ ದೊರೆತ ಆ ಅಂಕೆಯನ್ನು ಸಮಾರಾಸರು ಸುಳಿಯೊಳಕ್ಕೆ ನುಗ್ಗಿ ತರಲಿಲ್ಲ. ಮಾಪಕವನ್ನು ಬಿಟ್ಟು, ಸಕಾಲದಲ್ಲಿ ಹಿಂದಿರುಗಿದ್ದರಿಂದ ಪಡೆದರು. ಅವರ ಸಾವಿಗಾಗಿ ನಾವು ಮರುಗೋಣ. ಮೆಚ್ಚುವುದಾದರೆ ಆ ಹಿಂದಿರುಗಿದ ಹೆಜ್ಜೆಗಳನ್ನೂ ಮೆಚ್ಚೋಣ.