ಹೀಟರ್ ಒಳಗಿನ ನೀರಿನ ಸದ್ದು

ಕಾಫಿ ಕೊಯ್ಲಿನ ಗಡಿಬಿಡೀಲಿ ಇವನೆಂತ ಕಾರಿನ ಪುರಾಣ ಶುರು ಮಾಡಿದ ಅಂತ ಬೈಬೇಡಿ. ನಮ್ಮ ಮೂಡಿಗೆರೆ ಕಡೆ ಈಗ ಬೆಳಗ್ಗೆ 5 ಗಂಟೆಗೆ ಗಾಡಿ ತೆಗೆದರೆ ಮಂಜಿಗೆ ಗಾಜಿನ ಮುಂದೆ ಏನೂ ಕಾಣಲ್ಲ, ಹೀಟರ್ ಬೇಕೇ ಬೇಕು. ಅದರ ಮೇಲೆ ಅವ್ವನ ಕಣ್ಣಿನ ಆಪರೇಷನ್ನಿಗೆ ಮಂಗಳೂರಿಗೆ ಹೋಗೋದಿದೆ. ಚಾರ್ಮಾಡಿ ಇಳಿದು, ಮತ್ತೆ ಅದೇ ಘಾಟಿ ಹತ್ತಿ ಬರಬೇಕು. ಅದಕ್ಕೇ ಈ ಸಲ ಸದ್ದಿನ ಬೆನ್ನು ಹತ್ತಿದೆ. ಸುಳ್ಳು ಯಾಕೆ, ಮೊದಲ ಹತ್ತು ದಿನ ನಾನೂ ಕೇಳಿಸಿಯೂ ಕೇಳಿಸದ ಹಾಗೆ ಇದ್ದೆ.

ಮೊದಲು ಬಂದಿದ್ದು ಪಟಪಟ ಸದ್ದು. ಫ್ಯಾನ್ ಒಂದರಲ್ಲಿಟ್ಟರೆ ನಿಧಾನ, ನಾಲ್ಕರಲ್ಲಿಟ್ಟರೆ ಜೋರು, ಆಫ್ ಮಾಡಿದರೆ ಇಲ್ಲ. ಫ್ಯಾನಿನ ಜೊತೆ ಏರಿ ಇಳಿಯೋ ಸದ್ದು ಅಂದರೆ ಬ್ಲೋವರ್‌ದೇ, ಅನುಮಾನ ಬೇಡ. ಕೀಚ್ ಕೀಚ್ ಅಂತಿದ್ದರೆ ಮೋಟಾರಿನ ಬುಷ್ ಒಣಗಿದೆ ಅಂತ, ಪಟಪಟ ಅಂದರೆ ರೆಕ್ಕೆಗೆ ಏನೋ ತಾಗ್ತಿದೆ ಅಂತ. ಎಡಗಡೆ ಡಬ್ಬಿ ಬಿಚ್ಚಿ, ಅದರ ಹಿಂದಿನ ಮೋಟಾರ್ ಇಳಿಸಿ ನೋಡಿದರೆ ಒಂದು ಬೊಗಸೆ ಒಣಗಿದ ಸಿಲ್ವರ್ ಓಕ್ ಎಲೆ, ಅದರೊಳಗೆ ಅಡಿಕೆ ಸಿಪ್ಪೆಯ ನಾರು, ಸೀಟಿನ ಸ್ಪಂಜಿನ ಚೂರು. ಇಲಿ ಗೂಡು ಮಾರಾಯ್ರೇ! ನಾವು ಅಷ್ಟು ಹೊತ್ತೂ ಅದೇ ಗಾಳಿ ಕುಡೀತಿದ್ವಿ. ಮುಖಕ್ಕೆ ಬಟ್ಟೆ ಕಟ್ಟಿ, ಕೈಗೆ ಗ್ಲೌಸ್ ಹಾಕಿ, ಮೊದಲು ಡೆಟಾಲ್ ನೀರು ಚಿಮುಕಿಸಿ ಆಮೇಲೆ ತೆಗೆದೆ. ಇಲಿ ಉಚ್ಚೆ ಇರೋ ಕಡೆ ಬರಿಗೈ ಹಾಕಬೇಡಿ, ಇಲಿ ಜ್ವರ ನಮ್ಮ ಮಲೆನಾಡಿಗೆ ಹೊಸದಲ್ಲ.

ಸದ್ದು ನಿಂತಿತು. ನಾನೂ ಮನೇಲಿ ಎಲ್ಲರ ಹತ್ರ ಹೇಳಿಕೊಂಡು ಓಡಾಡಿದೆ.

ಪಟಪಟ ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಸದ್ದು ಕಿವಿಗೆ ಬಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು. ಫ್ಯಾನ್ ಆಫ್ ಇದ್ದರೂ ಬರುತ್ತೆ. ನಮಗೆಲ್ಲ ಗೊತ್ತಿರೋ ಸದ್ದೇ ಅದು. ಫುಟ್‌ವಾಲ್ವ್ ಸರಿ ಇಲ್ಲದ ಮೋಟಾರ್ ಆನ್ ಮಾಡಿದಾಗ, ಸ್ಪ್ರಿಂಕ್ಲರ್ ಪೈಪಿನಲ್ಲಿ ನೀರಿನ ಮುಂದೆ ಗಾಳಿ ಓಡುತ್ತಲ್ಲ, ಥೇಟ್ ಹಾಗೆ. ಹೀಟರಿಗೆ ಬೇರೆ ಬೆಂಕಿ ಇಲ್ಲ. ಇಂಜಿನ್ ಸುತ್ತಿ ಬಿಸಿಯಾದ ಕೂಲಂಟ್ ನೀರೇ ಡ್ಯಾಶ್‌ಬೋರ್ಡ್ ಹಿಂದಿನ ಒಂದು ಪುಟ್ಟ ರೇಡಿಯೇಟರಿಗೆ ಬರುತ್ತೆ, ಫ್ಯಾನ್ ಅದರ ಮೇಲೆ ಗಾಳಿ ಊದುತ್ತೆ. (ಹೀಟರ್ ಹಾಕಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅನ್ನೋರು ಇದನ್ನ ಎರಡು ಸಲ ಓದಿ. ಹೇಗೂ ದಂಡವಾಗಿ ಹೋಗೋ ಬಿಸಿ ಅದು.) ಅಲ್ಲಿ ಗುಳುಗುಳು ಅಂದರೆ ಲೈನಿನಲ್ಲಿ ಏರ್ ಹಿಡಿದಿದೆ, ಅಂದರೆ ಎಲ್ಲೋ ನೀರು ಕಡಿಮೆ ಆಗಿದೆ.

ಬಾನೆಟ್ ಎತ್ತಿ ನೋಡಿದೆ. ಕೂಲಂಟ್ ಬಾಟ್ಲಿ ಫುಲ್ ಗೆರೆಯಲ್ಲೇ ಇತ್ತು. ಗ್ಯಾರೇಜಿನವನೂ ಅದನ್ನೇ ನೋಡಿ "ಏನಿಲ್ಲ, ಹೋಗಿ" ಅಂದ. ಆದರೆ ಎರಡು ದಿನ ಬಿಟ್ಟು ಕೊಟ್ಟಿಗೆಹಾರದಿಂದ ಬರುವಾಗ ಬಿಸಿ ಗಾಳಿ ಇದ್ದಕ್ಕಿದ್ದ ಹಾಗೆ ತಣ್ಣಗಾಯ್ತು. ಮುಳ್ಳು ಮಾತ್ರ ನಡುವಿನಲ್ಲೇ ನಿಂತಿತ್ತು. ಹೀಟರ್ ಕೆಟ್ಟಿತು ಅಂದುಕೊಂಡೆ.

ಪಕ್ಕದ ತೋಟದ ಜೀಪ್ ಡ್ರೈವರ್ ಒಬ್ಬರಿದ್ದಾರೆ, ವಯಸ್ಸಾದವರು. ಕೇಳಿ ನಕ್ಕರು. "ಬಾಟ್ಲಿ ನೋಡಿ ಎಂತ ಮಾಡ್ತೀಯ ತಮ್ಮ? ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗಿ. ಬಿಸಿ ಇದ್ದಾಗ ಮುಟ್ಟಿದರೆ ಮುಖ ಬೇಯುತ್ತೆ, ನೆನಪಿರಲಿ."

ತೆಗೆದರೆ ಒಳಗೆ ನೀರೇ ಕಾಣಲಿಲ್ಲ. ಒಂದೂವರೆ ಲೀಟರ್ ಹಿಡಿಯಿತು! ರೇಡಿಯೇಟರ್ ಕುತ್ತಿಗೆಯಿಂದ ಬಾಟ್ಲಿಗೆ ಹೋಗೋ ಸಣ್ಣ ರಬ್ಬರ್ ಪೈಪನ್ನ ಇಲಿ ಕಡಿದಿತ್ತು. ಬಿಸಿಯಾದಾಗ ಉಕ್ಕಿದ ನೀರು ಆ ತೂತಿನಲ್ಲಿ ಹೊರಗೆ ಹೋಗುತ್ತೆ, ತಣ್ಣಗಾದಾಗ ಬಾಟ್ಲಿಯಿಂದ ನೀರು ಎಳೆಯೋ ಬದಲು ಅಲ್ಲಿಂದ ಗಾಳಿ ಎಳೆಯುತ್ತೆ. ಹಾಗಾಗಿ ಬಾಟ್ಲಿ ತುಂಬಿದ್ದು ತುಂಬಿದ್ದ ಹಾಗೇ, ರೇಡಿಯೇಟರ್ ಮಾತ್ರ ದಿನಾ ಖಾಲಿ. ಮುಳ್ಳನ್ನೂ ನಂಬೋ ಹಾಗಿಲ್ಲ. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ತಾನೇ ಅದು ಸರಿ ಲೆಕ್ಕ ಹೇಳೋದು? ಈ ಸ್ಥಿತೀಲಿ ಘಾಟಿ ಹತ್ತಿದ್ದರೆ ಅರ್ಧ ದಾರೀಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅವ್ವನ್ನ ಕೂರಿಸಿಕೊಂಡು, ನಾನು ಲಾರಿಗೆ ಕೈ ಅಡ್ಡ ಹಾಕ್ತಿದ್ದೆ.

ಶೆಡ್ಡಿನ ನೆಲದಲ್ಲಿ ಹಸಿರು ಹನಿ ಬಿದ್ದಿದ್ದು ಆವಾಗ ಕಂಡಿತು. ನಮ್ಮ ನಾಯಿ ಅಲ್ಲೇ ಮೂಸ್ತಾ ಇತ್ತು. ಕೂಲಂಟ್ ಸಿಹಿ, ನಾಯಿಗೆ ಇಷ್ಟ, ಆದರೆ ವಿಷ. ಅದನ್ನ ಕಟ್ಟಿಹಾಕಿ, ನೆಲಕ್ಕೆ ಮಣ್ಣು ಹಾಕಿ ಬಾಚಿ ಹೂತು, ಉಳಿದದ್ದು ತೊಳೆದೆ.

ಪೈಪಿಗೆ ಹೋಗಿದ್ದು ನೂರು ರೂಪಾಯಿಯೊಳಗೆ. ಏರ್ ತೆಗೆಯೋದೂ ಕಷ್ಟ ಅಲ್ಲ. ಕಾಫಿ ಕಣದ ಏರಿಗೆ ಮೂತಿ ಮೇಲೆ ಮಾಡಿ ನಿಲ್ಲಿಸಿ, ತಣ್ಣಗಿದ್ದಾಗಲೇ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಸ್ಟಾರ್ಟ್ ಮಾಡಿ ಬಿಟ್ಟೆ. ಗುಳ್ಳೆ ಬರ್ತಾ ಬರ್ತಾ ನೀರು ಇಳಿಯುತ್ತೆ, ಕೂಲಂಟ್ ಸೇರಿಸ್ತಾ ಹೋಗೋದು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿದೆ. ಗುಳ್ಳೆ ನಿಲ್ಲದೇ ಇದ್ದರೆ, ಇಲ್ಲಾ ತುಂಬಿಸಿದ್ದು ಮತ್ತೆ ಮತ್ತೆ ಮಾಯ ಆಗ್ತಿದ್ದರೆ ಹೆಡ್ ಗ್ಯಾಸ್ಕೆಟ್ ಇರಬಹುದು, ಮನೇಲಿ ಕೈ ಹಾಕಬೇಡಿ. ಕೆಲವು ಗಾಡಿಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರಲ್ಲ, ಬಾಟ್ಲಿಗೇ ಇರುತ್ತೆ. ಅದನ್ನೂ ಬಿಸಿಯಲ್ಲಿ ತೆಗೀಬಾರದು.

ನಾಲ್ಕು ದಿನದಿಂದ ಬೆಳಗ್ಗೆ ಹಾಲಿಗೆ ಹೋಗೋ ಮುಂಚೆ ಮುಚ್ಚಳ ತೆಗೆದು ನೋಡ್ತಿದ್ದೀನಿ, ಕುತ್ತಿಗೆವರೆಗೂ ಇದೆ. ಗುರುವಾರ ಅವ್ವನ್ನ ಕರಕೊಂಡು ಹೊರಡೋದು. ಇಲಿ ಮಾತ್ರ ಇನ್ನೂ ಸಿಕ್ಕಿಲ್ಲ.