ಒಬ್ಬ ನಾಯಕ, ಹಲವು ಲೇಖನಿ
ಕಾಮಿಕ್ಸ್ ಓದುತ್ತಿದ್ದ ಮಗನನ್ನು ಗದರಿಸಹೋಗಿ, ನಾನೇ ಅದರಲ್ಲಿ ಮುಳುಗಿದೆ. ಅಮೆರಿಕದ ‘ಡೇರ್‌ಡೆವಿಲ್’ ಅದು. 1964ರಲ್ಲಿ ಸ್ಟ್ಯಾನ್ ಲೀ, ಬಿಲ್ ಎವರೆಟ್ ಸೃಷ್ಟಿಸಿದ ಈ ಅಂಧ ವಕೀಲ, ಮುಖವಾಡ ತೊಟ್ಟು ದುಷ್ಟರನ್ನು ಎದುರಿಸುವ ಲವಲವಿಕೆಯ ಸಾಹಸಿ. 1981ರಲ್ಲಿ ಕಥೆಯ ಹೊಣೆ ಹೊತ್ತ ಫ್ರಾಂಕ್ ಮಿಲ್ಲರ್ ಅವನಿಗೆ ಎಲೆಕ್ಟ್ರಾ ಎಂಬ ಪ್ರೇಯಸಿಯನ್ನಿತ್ತು, ಮರುವರ್ಷವೇ ಕಸಿದುಕೊಂಡು, ಅವನ ಲೋಕವನ್ನು ಕತ್ತಲಾಗಿಸಿದರು. 2011ರಲ್ಲಿ ಬಂದ ಮಾರ್ಕ್ ವೇಡ್, ಹಳೆಯ ದುಃಖವನ್ನು ಅಳಿಸದೆಯೇ, ಅವನಿಗೆ ಮತ್ತೆ ನಗು ಕಲಿಸಿದರು.

ದೃಷ್ಟಿ ಕಳೆದುಕೊಂಡ ನನ್ನ ತಂದೆಯವರನ್ನು ಕುರಿತು ನಾನು ಹೇಳುತ್ತ ಬಂದುದು ಕತ್ತಲೆಯ ಕಥೆಯನ್ನೇ: “ಪಾಪ, ಅವರಿಗಿನ್ನೇನು ಉಳಿದಿದೆ?” ಮರುದಿನ ಸಂಜೆ ಅವರ ಕೈಹಿಡಿದು ಪೇಟೆಗೆ ಹೊರಟೆ. “ಇದು ಕಾಫಿಪುಡಿಯ ಅಂಗಡಿ, ಇಗೋ ಮಲ್ಲಿಗೆ” ಎಂದು, ವಾಸನೆಯಿಂದಲೇ ಗುರುತಿಸುತ್ತ, ಅವರೇ ನನಗೆ ದಾರಿ ತೋರಿದರು. ನಗುತ್ತಲೂ ಇದ್ದರು.