ಮೋರ್ಯರ ಮನೆಗಳ ಬೆಟ್ಟದಲ್ಲಿ

ಹಂಪೆಯನ್ನು ನೋಡಲು ಹೋದವರು ವಿರೂಪಾಕ್ಷನ ದರ್ಶನ ಮಾಡಿ, ವಿಜಯವಿಠ್ಠಲನ ಗುಡಿಯ ಕಲ್ಲಿನ ರಥವನ್ನು ಕಂಡು, ಬಿಡುವಿದ್ದರೆ ತುಂಗಭದ್ರೆಯನ್ನು ದಾಟಿ ಆನೆಗೊಂದಿಗೂ ಅಂಜನಾದ್ರಿಗೂ ಹೋಗಿಬರುವುದುಂಟು. ಬಹುಮಂದಿಯ ಯಾತ್ರೆ ಅಲ್ಲಿಗೆ ಮುಗಿಯುತ್ತದೆ. ಆದರೆ ಅಲ್ಲಿಂದ ಇನ್ನೊಂದು ಗಂಟೆಯ ಪ್ರಯಾಣ ಮಾಡುವ ಉತ್ಸಾಹವಿದ್ದವರಿಗೆ, ವಿಜಯನಗರಕ್ಕಿಂತ ಎರಡು ಸಾವಿರ ವರ್ಷ ಹಿರಿದಾದ ಮತ್ತೊಂದು ಕಲ್ಲಿನ ಪಟ್ಟಣ ಕಾಣಸಿಗುತ್ತದೆ. ಅಲ್ಲಿ ಅರಮನೆಯಿಲ್ಲ, ಗೋಪುರವಿಲ್ಲ, ಒಂದು ಅಕ್ಷರದ ಶಾಸನವೂ ಇಲ್ಲ. ಇರುವುದೆಲ್ಲ ಸಾಲುಸಾಲಾದ ಕಲ್ಲಿನ ಮನೆಗಳು. ಅವುಗಳಲ್ಲಿ ಬದುಕಿದ್ದವರು ಯಾರೂ ಎಂದೂ ವಾಸಮಾಡಲಿಲ್ಲ.

ಈ ಸ್ಥಳದ ಹೆಸರು ಹಿರೇಬೆಣಕಲ್. ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದ ಹಳ್ಳಿ. ಹೊಸಪೇಟೆಯವರೆಗಾಗಲಿ ಕೊಪ್ಪಳದವರೆಗಾಗಲಿ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು ಗಂಗಾವತಿಗೆ ಬರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆಯಿಂದ ಸುತ್ತಲ ನೆಲವೆಲ್ಲ ಭತ್ತದ ಕಣಜವಾಗಿದೆ. ಹಸುರು ಗದ್ದೆಗಳ ನಡುವಿನಿಂದ ಹಠಾತ್ತನೆ ಮೇಲೆದ್ದ ಬೋಳು ಬಂಡೆಗಳ ಬೆಟ್ಟಗಳನ್ನು ಕಂಡಾಗ, ಯಾರೋ ದೈತ್ಯರು ಗೋಲಿಯಾಡುತ್ತಿದ್ದವರು ಆಟವನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದರೇನೋ ಎನ್ನಿಸುತ್ತದೆ.

ನಾವು ಹೋದದ್ದು ಡಿಸೆಂಬರ್ ತಿಂಗಳಿನಲ್ಲಿ. ಜೊತೆಗೆ ನನ್ನ ಪತ್ನಿ ಮತ್ತು ಹತ್ತು ವರ್ಷದ ಮಗಳು. ದಾರಿ ತೋರಿಸಲು ಹಳ್ಳಿಯ ಹಿರಿಯರೊಬ್ಬರು ಒಪ್ಪಿದರು. ಬಾಲ್ಯವೆಲ್ಲ ಆ ಬೆಟ್ಟದಲ್ಲಿ ಕುರಿ ಕಾಯುತ್ತ ಕಳೆದವರು ಅವರು. ಮೇಲಕ್ಕೆ ಹೋಗಲು ಮೆಟ್ಟಿಲುಗಳಿಲ್ಲ. ಮುಳ್ಳುಪೊದೆಗಳ ನಡುವಿನ ಕಾಲುದಾರಿಯಲ್ಲಿ, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಒಂದು ಗಂಟೆಗೂ ಮಿಕ್ಕಿ ನಡೆಯಬೇಕು. ದಾರಿಯ ಮಗ್ಗುಲಿನ ಕೆಲವು ಕಲ್ಲಾಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದಿಂದ ಬರೆದ ಚಿತ್ರಗಳಿವೆ: ಮನುಷ್ಯರು, ದನಗಳು, ಜಿಂಕೆಗಳು. ಬಿಸಿಲೂ ಮಳೆಯೂ ತಾಗದ ಮೂಲೆಗಳಲ್ಲಿ ಬಣ್ಣ ಇನ್ನೂ ಮಾಸಿಲ್ಲ.

ಏರು ಮುಗಿದು ಬೆಟ್ಟದ ನೆತ್ತಿಯ ಬಯಲು ಕಣ್ಣಿಗೆ ಬಿದ್ದೊಡನೆ ಮೂವರೂ ಮಾತಿಲ್ಲದೆ ನಿಂತೆವು. ಎದುರಿಗೆ ಒಂದು ಕೇರಿಯೇ ಇತ್ತು. ನಾಲ್ಕು ಕಡೆಗೂ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಭಾರಿ ಚಪ್ಪಡಿಯನ್ನು ಸೂರಿನಂತೆ ಹೊದಿಸಿದ ಮನೆಗಳು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರವನ್ನೂ ಮೀರಿದವು. ಹಲವಕ್ಕೆ ಮುಂಗಡೆಯ ಕಲ್ಲಿನಲ್ಲಿ ದುಂಡಗೆ ಕೊರೆದ ಕಂಡಿಯುಂಟು. ಚಿಕ್ಕವು ದೊಡ್ಡವು ಎಲ್ಲವನ್ನೂ ಸೇರಿಸಿ ಎಣಿಸಿದರೆ ಇಲ್ಲಿ ಸುಮಾರು 400 ಶಿಲಾನಿರ್ಮಾಣಗಳಿವೆ. ಕ್ರಿಸ್ತಪೂರ್ವ 800ರಿಂದ 200ರವರೆಗೆ, ಎಂದರೆ ಸುಮಾರು ಆರು ಶತಮಾನಗಳ ಕಾಲ, ಜನ ಇಲ್ಲಿಗೆ ಬಂದು ಕಲ್ಲು ನಿಲ್ಲಿಸುತ್ತಿದ್ದರೆಂದು ಪ್ರಾಕ್ತನಶಾಸ್ತ್ರಜ್ಞರು ಹೇಳುತ್ತಾರೆ.

ಕಂಡಿಯೊಳಗೆ ಇಣುಕಿ ನೋಡಿದ ಮಗಳು ಕೇಳಿದಳು: "ಅಜ್ಜಾ, ಇಷ್ಟು ಚಿಕ್ಕ ಬಾಗಿಲಿನಲ್ಲಿ ಮನೆಯವರು ಹೇಗೆ ಒಳಗೆ ಹೋಗುತ್ತಿದ್ದರು?"

"ಗಿಡ್ಡ ಮಂದಿ ಇದ್ದರವ್ವಾ ಅವರು. ಮೋರ್ಯಾರು ಅಂತಾರ. ಮೊಳದುದ್ದ ಆಳು, ಆದರ ಆನೀ ಬಲ. ಇವೆಲ್ಲ ಅವರ ಮನಿ" ಎಂದರು ಮುದುಕರು.

ಬೆಟ್ಟಕ್ಕೆ ಮೋರ್ಯರ ಗುಡ್ಡವೆಂಬ ಹೆಸರು ಬಂದಿರುವುದು ಈ ನಂಬಿಕೆಯಿಂದಲೇ. ಕರ್ನಾಟಕದ ಹಲವೆಡೆ ಇಂಥ ಕಲ್ಮನೆಗಳನ್ನು ಮೋರ್ಯರ ಮನೆ ಎನ್ನುತ್ತಾರೆ. ಇನ್ನು ಕೆಲವೆಡೆ ಇವು ಪಾಂಡವರ ಮನೆಗಳು. ವನವಾಸದಲ್ಲಿ ಅವರು ತಂಗಿದ್ದ ತಾಣಗಳೆಂದು ಕಥೆ. ಕೊಡಗಿನಲ್ಲಿ ಇವಕ್ಕೆ ಪಾಂಡುಪಾರೆ ಎಂಬ ಹೆಸರುಂಟು. ಭಾರವಾದ ಕಲ್ಲನ್ನು ಕಂಡ ಹಳ್ಳಿಯ ಜನ ಭೀಮನನ್ನು ನೆನೆದರು. ಚಿಕ್ಕ ಕಂಡಿಯನ್ನು ಕಂಡು ಗುಜ್ಜಾರಿಗಳನ್ನು ಊಹಿಸಿಕೊಂಡರು. ಕಣ್ಣೆದುರಿನ ಎರಡು ಸಂಗತಿಗಳಿಗೆ ಎರಡು ಸಮಾಧಾನಗಳು. ತಪ್ಪೆಂದು ನಗುವ ಹಾಗಿಲ್ಲ.

ಸುಶಿಕ್ಷಿತರ ಊಹೆಯೂ ಇದಕ್ಕಿಂತ ಬಹಳ ಮೇಲಾಗಿರಲಿಲ್ಲ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು 19ನೆಯ ಶತಮಾನದ ಮಧ್ಯಭಾಗದಲ್ಲಿ ಆ ಸೀಮೆಯ ಇಂಥ ಗೋರಿಗಳನ್ನು ಅಗೆಸಿ, ನಕ್ಷೆ ಬರೆದು, ಶ್ರದ್ಧೆಯಿಂದ ವರ್ಣಿಸಿದರು. ನಮ್ಮ ನಾಡು ಅವರಿಗೆ ಋಣಿಯಾಗಿರಬೇಕು. ಆದರೆ ತಮ್ಮ ದೇಶದ ಕಲ್ಗೋರಿಗಳಿಗೂ ಇಲ್ಲಿಯವಕ್ಕೂ ಇದ್ದ ಹೋಲಿಕೆಯನ್ನು ಕಂಡ ಅವರು, ಕೆಲ್ಟರನ್ನೂ ಸಿಥಿಯನ್ನರನ್ನೂ ನೆನೆದರು. ಹೀಗೆ ಹಳ್ಳಿಯವರಿಗೆ ಇವು ಗಿಡ್ಡರ ಮನೆಗಳಾದುವು, ಪುರಾಣ ಬಲ್ಲವರಿಗೆ ಪಾಂಡವರವು, ಸಾಹೇಬರಿಗೆ ಪರದೇಶಿಗಳವು. ಇದೇ ನೆಲದಲ್ಲಿ ಉತ್ತು ಬಿತ್ತಿ ದನ ಮೇಯಿಸಿದ ಸಾಮಾನ್ಯ ಜನರ ಕೈಕೆಲಸವಿದೆಂಬ ಮಾತು ಮಾತ್ರ ಬಹುಕಾಲ ಯಾರ ಬಾಯಿಂದಲೂ ಹೊರಡಲಿಲ್ಲ.

ಆ ಮಾತನ್ನು ಆಡಿಸಿದ್ದು ಗುದ್ದಲಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿಯೆಂಬ ಬೆಟ್ಟವಿದೆ. ಅದರ ತಪ್ಪಲಿನಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ಇಂಥ ಗೋರಿಗಳನ್ನು ಪದರಪದರವಾಗಿ ಬಿಡಿಸಿ ನೋಡಲಾಯಿತು. ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ಆಕಾರದಲ್ಲಿ ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರು. ಒಂದು ಬಿದ್ದರೆ ಇನ್ನೊಂದು ತಡೆಯುವಂತೆ ಆ ಕಟ್ಟು. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಒಳಗೆ ಕಪ್ಪು ಕೆಂಪು ಬಣ್ಣದ ನುಣುಪಾದ ಮಡಕೆಗಳು, ಕಬ್ಬಿಣದ ಆಯುಧಗಳು, ಮನುಷ್ಯರ ಎಲುಬುಗಳು. ಒಂದೇ ಗೋರಿಯಲ್ಲಿ ಹಲವರ ಎಲುಬುಗಳಿದ್ದುದೂ ಉಂಟು. ದೇಹವನ್ನು ಮೊದಲು ಬೇರೆಡೆ ಇಟ್ಟು, ಬಳಿಕ ಎಲುಬುಗಳನ್ನು ಆಯ್ದು ತಂದು ಇಲ್ಲಿ ಸೇರಿಸುತ್ತಿದ್ದರೆಂದು ವೀಲರ್ ಅಭಿಪ್ರಾಯಪಟ್ಟರು. ಕಬ್ಬಿಣವನ್ನು ಕಾಯಿಸಿ ಬಡಿಯಬಲ್ಲ, ಹದವಾಗಿ ಮಡಕೆ ಸುಡಬಲ್ಲ, ಸತ್ತವರ ಬಗೆಗೆ ಮಮತೆಯುಳ್ಳ ಜನ ಅವರು. ಅವರ ಎತ್ತರ ನಮ್ಮ ಎತ್ತರವೇ.

ಮಗಳ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಆ ಬಾಗಿಲು ಬದುಕಿರುವವರು ಓಡಾಡುವುದಕ್ಕಲ್ಲ. ಆದರೂ ಅದನ್ನು ಕೊರೆದರಲ್ಲ, ಅದು ಯೋಚಿಸತಕ್ಕ ಸಂಗತಿ. ಗಟ್ಟಿಕಲ್ಲಿನ ಚಪ್ಪಡಿಯಲ್ಲಿ ಅಷ್ಟು ದುಂಡಗೆ ಕಂಡಿ ತೆಗೆಯುವುದು ಸುಲಭದ ಕೆಲಸವಲ್ಲ. ಹೆಣವನ್ನು ಹೂತು ಮರೆಯುವ ಮನಸ್ಸಿದ್ದರೆ ಬಾಗಿಲಿನ ಗೊಡವೆಯೇ ಬೇಕಿರಲಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆಯಿಡುವ ನಮಗೆ, ಹೋದವರ ಮನೆಗೊಂದು ಬಾಗಿಲಿರಲೆಂಬ ಆ ಮನಸ್ಸು ಅಪರಿಚಿತವೆನಿಸಬೇಕಾಗಿಲ್ಲ. ಈ ಕಲ್ಲುಗಳನ್ನು 'ಮನೆ' ಎಂದು ಕರೆದ ಹಳ್ಳಿಯ ಜನ ಯಾವ ಪಂಡಿತರಿಗಿಂತಲೂ ಸರಿಯಾದ ಪದವನ್ನೇ ಆರಿಸಿಕೊಂಡಿದ್ದಾರೆ.

ಕೇರಿಯ ನಡುವೆ ಒಂದು ಕೊಳವಿದೆ. ಕಲ್ಲು ತೆಗೆದ ಹಳ್ಳದಲ್ಲಿ ಮಳೆನೀರು ನಿಂತು ಆದ ಕೊಳವದು. ಈ ಬಗೆಯ ಬಂಡೆ ಬಿಸಿಲಿಗೆ ಕಾದು ಇರುಳಿನಲ್ಲಿ ತಣಿದು ಪದರುಪದರಾಗಿ ಬಿರಿಯುತ್ತದೆ. ಆ ಬಿರುಕುಗಳನ್ನು ಗುರುತಿಸಿ ಚಪ್ಪಡಿ ಎಬ್ಬಿಸಿದರು. ಆದರೆ ಎಬ್ಬಿಸಿದ ಮೇಲೆ? ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಒಂದು ಅಡಿ ದಪ್ಪದ ಚಪ್ಪಡಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಈ ಜಾತಿಯ ಕಲ್ಲು ಘನ ಅಡಿಗೆ ಸುಮಾರು 76 ಕಿಲೋಗ್ರಾಂ ತೂಗುವುದರಿಂದ, ಅದರ ಭಾರ 6 ಟನ್ನಿಗೂ ಮೇಲಾಗುತ್ತದೆ. ಉಳಿ, ಸುತ್ತಿಗೆ, ಮರದ ಸನ್ನೆಗೋಲು, ಹಗ್ಗ, ಇವಿಷ್ಟೇ ಬಲದಿಂದ ಅದನ್ನು ಎತ್ತಿ ಆಳೆತ್ತರದ ಗೋಡೆಗಳ ಮೇಲೆ ಕೂರಿಸಬೇಕಾದರೆ ಹತ್ತಾರು ಜನ ಒಂದೇ ಉಸಿರಿನಲ್ಲಿ ದುಡಿಯಬೇಕು. ಅವರಿಗೆಲ್ಲ ಯಾರೋ ಅಡಿಗೆ ಮಾಡಿ ಬಡಿಸಬೇಕು. "ಒಬ್ಬರು ಸತ್ತರೆ ಊರೆಲ್ಲ ಕೈಗೂಡಿಸುತ್ತಿತ್ತೆಂದಾಯಿತು" ಎಂದಳು ನನ್ನ ಪತ್ನಿ. ಆನೆಯ ಬಲ ಎಲ್ಲಿಂದ ಬಂತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ತೋಚಲಿಲ್ಲ.

ಇಲ್ಲಿಯ ಇನ್ನೊಂದು ವಿಸ್ಮಯ ಕಲ್ಲಿನ ನಗಾರಿ. ಎತ್ತರವಾದ ಹೆಬ್ಬಂಡೆಯೊಂದರ ಮೇಲೆ, ಸುಮಾರು ಎರಡು ಮೀಟರ್ ಅಡ್ಡಗಲದ ಅರ್ಧಗೋಳಾಕಾರದ ಕಲ್ಲೊಂದು ಕುಳಿತಿದೆ. ಮರದ ಕೊರಡಿನಿಂದ ಬಡಿದರೆ ಅದರ ದನಿ ಒಂದು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. ಕೆಳಗಿನ ಬಯಲಿನ ಜನರನ್ನು ಕೂಗಿ ಕರೆಯಲು ಇದನ್ನು ಬಾರಿಸುತ್ತಿದ್ದರೆಂದು ಊರವರ ಹೇಳಿಕೆ.

ಮರುದಿನ ನಾವು ಕೊಪ್ಪಳಕ್ಕೆ ಹೋದೆವು. ಹಿರೇಬೆಣಕಲ್ಲನ್ನು ನೋಡಿದವರು ಕೊಪ್ಪಳವನ್ನೂ ನೋಡದೆ ಹಿಂದಿರುಗಬಾರದೆಂದು ನನ್ನ ಅಭಿಪ್ರಾಯ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಕೊಪಣ ಇದೇ. ಒಂದು ಕಾಲಕ್ಕೆ ಜೈನರ ಮಹಾತೀರ್ಥ. ಇಂದು ಗವಿಸಿದ್ಧೇಶ್ವರನ ಜಾತ್ರೆಗೆ ಲಕ್ಷಾಂತರ ಜನ ಸೇರುವ ಕ್ಷೇತ್ರ. ಊರ ಪಕ್ಕದ ಬೆಟ್ಟದ ಮೇಲೆ ಎರಡು ಗುಂಡುಗಳು ಒಂದು ಹಾಸುಬಂಡೆಯನ್ನು ಪಲ್ಲಕ್ಕಿಯಂತೆ ಹೊತ್ತು ನಿಂತಿವೆ. ಅದನ್ನು ಪಾಲ್ಕಿಗುಂಡು ಎನ್ನುತ್ತಾರೆ. ಅಲ್ಲಿಯೂ ಗವಿಮಠದ ಬಳಿಯ ಬಂಡೆಯಲ್ಲಿಯೂ ಅಶೋಕನ ಶಾಸನಗಳಿವೆ. ಇವು ಲೋಕಕ್ಕೆ ತಿಳಿದುಬಂದದ್ದು 1931ರಲ್ಲಿ.

ಅಶೋಕನ ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ. ಮೋರ್ಯರ ಗುಡ್ಡದಲ್ಲಿ ಆಗ ಇನ್ನೂ ಕಲ್ಮನೆಗಳ ಕಾಲ ಮುಗಿದಿರಲಿಲ್ಲ. ಹಾಗಿದ್ದ ಮೇಲೆ ಚಕ್ರವರ್ತಿಯ ಅಧಿಕಾರಿಗಳು ಈ ಮಾತುಗಳನ್ನು ಓದಿ ಹೇಳಿದಾಗ ಎದುರಿಗೆ ನಿಂತು ಕೇಳಿದವರು ಯಾರು? ಹಿರಿಯರ ಎಲುಬುಗಳಿಗೆ ಬೆಟ್ಟದ ಮೇಲೆ ಮನೆ ಕಟ್ಟುತ್ತಿದ್ದ ಈ ಸೀಮೆಯ ಜನರಲ್ಲದೆ ಬೇರೆ ಯಾರಿದ್ದಾರು? ಶಾಸನದ ತಾತ್ಪರ್ಯವನ್ನು ನೆನೆದಾಗ ನನಗೆ ಮೈ ಜುಮ್ಮೆಂದಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಚಿಕ್ಕವರೂ ಅದನ್ನು ಪಡೆಯಬಹುದು ಎಂಬುದೇ ಅದರ ಸಾರ. ಕೇಳಿದ ಜನ ಹೆಸರಿಲ್ಲದೆ ಹೋದರು. ಮುಂದಿನವರು ಅವರನ್ನು ನೆನೆದದ್ದು ಗಿಡ್ಡರೆಂದು! ಆ ಚಿಕ್ಕವರು ಎತ್ತಿದ ಕಲ್ಲು ಇಂದಿಗೂ ನಿಂತಿದೆ.

ಆದರೆ ಎಲ್ಲವೂ ನಿಂತಿಲ್ಲ. ಗುಡ್ಡದ ಮೇಲೆ ಎಷ್ಟೋ ಮನೆಗಳ ಸೂರು ಜಾರಿದೆ, ಗೋಡೆ ಬಿದ್ದಿದೆ. ಕೆಲವು ಕಾಲನ ಕೆಲಸ. ಮತ್ತೆ ಕೆಲವು ನಿಧಿಗಳ್ಳರದು. ಒಂದು ಮುರಿದ ಚಪ್ಪಡಿಯ ಬಳಿ ಆಳವಾಗಿ ಅಗೆದ ಗುಂಡಿಯನ್ನು ತೋರಿಸಿ ಮುದುಕರು ನಿಟ್ಟುಸಿರಿಟ್ಟರು.

"ಇಲ್ಲೆಲ್ಲಿ ಬಂಗಾರ ಐತ್ರಿ ಸರ? ಮಡಕೀ ಚೂರು, ಎಲಬು, ತುಕ್ಕು ಹಿಡಿದ ಕಬ್ಬಿಣ. ಹೇಳಿದರ ಕೇಳೂದಿಲ್ಲ. ರಾತ್ರಿ ಬಂದು ಅಗೀತಾರ."

"ಮೋರ್ಯರ ಶಾಪ ತಟ್ಟೀತೆಂದು ಹೆದರುವುದಿಲ್ಲವೆ?" ಎಂದು ಕೇಳಿದೆ.

"ಅವರೇನು ನಮ್ಮ ಮಂದೀನಾ ಅಂತಾರ್ರಿ."

ಈ ಒಂದು ಮಾತು ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು. ಗುಡ್ಡವು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. 2021ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿಯೂ ಇದರ ಹೆಸರು ಸೇರಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ ಸರಿ. ಆದರೆ ಬೆಟ್ಟದ ಒಂದೊಂದು ಕಲ್ಲಿಗೆ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಅಜ್ಜನ ಸಮಾಧಿಯನ್ನು ಯಾರೂ ನಿಧಿಯಾಸೆಗೆ ಅಗೆಯುವುದಿಲ್ಲ; ಪರರದೆಂದುಕೊಂಡ ಗೋರಿಗೆ ಮಾತ್ರ ಗುದ್ದಲಿ ಬೀಳುತ್ತದೆ. ಗಿಡ್ಡರದು, ಪಾಂಡವರದು, ಪರದೇಶಿಗಳದು ಎಂದು ನಾವು ಇವನ್ನು ದೂರವಿಟ್ಟಷ್ಟೂ ಗುದ್ದಲಿಗೆ ದಾರಿ ಸಲೀಸಾಗುತ್ತದೆ.

ಆದ್ದರಿಂದ ವಾಚಕರಲ್ಲಿ ಒಂದು ಬಿನ್ನಹ. ಮುಂದಿನ ಸಲ ಹಂಪೆಗೆ ಹೋದಾಗ ಒಂದು ದಿನ ಹೆಚ್ಚಾಗಿ ಇಟ್ಟುಕೊಳ್ಳಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಬೆಳಗ್ಗೆ ಬೇಗ ಹೊರಡಿ. ಗಟ್ಟಿ ಪಾದರಕ್ಷೆ, ಬುತ್ತಿ, ಬೇಕಾದಷ್ಟು ಕುಡಿಯುವ ನೀರು ಜೊತೆಗಿರಲಿ. ದಾರಿ ಬಲ್ಲ ಊರವರೊಬ್ಬರನ್ನು ತಪ್ಪದೆ ಕರೆದುಕೊಳ್ಳಿ. ಆ ಬೆಟ್ಟಗಳಲ್ಲಿ ಕರಡಿ ಚಿರತೆಗಳ ಓಡಾಟವುಂಟು, ಸೂರ್ಯಾಸ್ತಕ್ಕೆ ಮುಂಚೆ ಇಳಿದುಬಿಡಬೇಕು. ಚಪ್ಪಡಿಗಳ ಮೇಲೆ ಹತ್ತದಂತೆ, ಹೆಸರು ಕೊರೆಯದಂತೆ, ಮಡಕೆಯ ಚೂರೊಂದನ್ನೂ ಎತ್ತಿ ತಾರದಂತೆ ಮಕ್ಕಳಿಗೆ ಮೊದಲೇ ತಿಳಿಹೇಳಿ. ಇದು ಯಾರ ಮನೆಯೆಂದು ಅವರು ಕೇಳಿಯೇ ಕೇಳುತ್ತಾರೆ. ನಮ್ಮ ಹಿರಿಯರದು ಎಂದು ಹೇಳಿ.